ಎಲುಬು ಕಡೀಬ್ಯಾಡ, ಗಂಟು ಹುಡುಕು

ಊರಲ್ಲಿ ಕುರಿ ಕೊಯ್ದು ಪಾಲು ಹಾಕುವುದು ಅಪ್ಪನ ಕಸಬು. ಭಾನುವಾರ ಬೆಳಿಗ್ಗೆಯಿಂದ ಅವನ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. "ಎಲುಬು ಕಡೀಬ್ಯಾಡೋ, ಗಂಟು ಹುಡುಕು." ಗಂಟು ಅಂದರೆ ಎಲುಬುಗಳು ಕೂಡುವ ಕೀಲು. ಹೇಳಿದ್ದು ತಮ್ಮನಿಗೆ, ವಿಡಿಯೋ ಕಾಲ್‌ನಲ್ಲಿ. ಅವನಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ನಾವು ಕೊಪ್ಪಳ ಜಿಲ್ಲೆಯ ಕುಕನೂರಿನ ಹತ್ತಿರ. ಅವನ ಗ್ಯಾರೇಜಿನಲ್ಲಿ ಒಂದು ಜಿಂಕೆ ತೂಗುಬಿದ್ದಿತ್ತು.

ಅಲ್ಲಿ ನವೆಂಬರ್ ಕೊನೆಗೆ 9 ದಿನ ಬಂದೂಕಿನ ಬೇಟೆ ನಡೆಯುತ್ತದೆ. ಲೈಸೆನ್ಸ್ ಇರಬೇಕು. ಮಾಂಸ ಮಾರುವಂತಿಲ್ಲ, ಮನೆಗೆ ಬಳಸಬಹುದು, ಹಂಚಬಹುದು. ಕೊಯ್ದು ಪ್ಯಾಕ್ ಮಾಡಿಕೊಡುವ ಅಂಗಡಿಯವರು 100 ಡಾಲರ್‌ಗೂ ಜಾಸ್ತಿ ಕೇಳುತ್ತಾರಂತೆ. ಮನೆ ಸಾಲ, ಇಬ್ಬರು ಮಕ್ಕಳು. ಆ ದುಡ್ಡಾದರೂ ಉಳಿಯಲಿ ಅಂತ ತಾನೇ ಚಾಕು ಹಿಡಿದಿದ್ದ.

ಜಿಂಕೆ ನೋಡಿದ ಅಪ್ಪ ಮೊದಲು ಮಾತೇ ಆಡಲಿಲ್ಲ. ನಮ್ಮ ಕಡೆ ಕೃಷ್ಣಮೃಗದ ಹಿಂಡು ಹೊಲಕ್ಕೆ ಬಿದ್ದರೆ ಎಳೆ ಕಡಲೆ ಉಳಿಯುವುದಿಲ್ಲ. ಆದರೂ ಅದಕ್ಕೆ ಕೈ ಹಚ್ಚುವ ಹಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಇರಲೇಬೇಕು ಅನ್ನುವವಳು ನಾನು. ಬೆಳೆ ಹೋದ ರೈತನಿಗೆ ಪರಿಹಾರ ಬೇಗ ಸಿಗಲಿ, ಅಷ್ಟೇ. "ಅಲ್ಲಿ ಸರ್ಕಾರನ ಬಿಟ್ಟೈತೇನೋ?" ಅಂತ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ಅಪ್ಪ ಫೋನ್ ಹತ್ತಿರಕ್ಕೆ ಎಳೆದುಕೊಂಡಿದ್ದು.

ತಮ್ಮ ಹಿಂಗಾಲಿಗೆ ಗರಗಸ ಇಟ್ಟಿದ್ದ. ಆಗಲೇ ಬಂತು ಆ ಮಾತು. "ಕಾಲು ಹಿಡಿದು ಆಡಿಸು. ಎಲ್ಲಿ ತಿರುಗತೈತಿ ನೋಡು. ಅಲ್ಲಿ ಚಾಕು ಬಿಡು." ತಮ್ಮ ಆಡಿಸಿದ, ಬೆರಳಿಟ್ಟು ಹುಡುಕಿದ, ಚಾಕು ಬಿಟ್ಟ. ಟಕ್ ಅಂತ ಒಂದು ಸಣ್ಣ ಸದ್ದು. ತೊಡೆ ಬಿಡಿಸಿಕೊಂಡು ಕೈಗೆ ಬಂತು. ಮುಂಗಾಲು ಇನ್ನೂ ಸಲೀಸು. "ಅದಕ್ಕ ಗಂಟ ಇಲ್ಲ, ಬರೇ ಖಂಡದಾಗ ಅಂಟಿರತೈತಿ. ಎತ್ತಿ ಹಿಡಿ, ಕೆಳಗ ಕೊಯ್ಯಿ." ಗರಗಸ ಮೂಲೆ ಸೇರಿತು.

"ತಲಿ ಏನ್ ಮಾಡ್ತಿ?" ಅಂದ ಅಪ್ಪ. ಕುರಿಯಲ್ಲಿ ತಲೆ, ಕಾಲು, ಬೋಟಿ ಯಾವುದನ್ನೂ ಬಿಟ್ಟವನಲ್ಲ. ಪರೀಕ್ಷೆಗೆ ಕೊಡಬೇಕು ಅಂದ ತಮ್ಮ. ಅಲ್ಲಿನ ಜಿಂಕೆಗಳಲ್ಲಿ 2002ರಲ್ಲಿ ಒಂದು ಮಿದುಳಿನ ರೋಗ ಕಾಣಿಸಿಕೊಂಡಿದೆ. ಅಡುಗೆಯ ಬೆಂಕಿಗೆ ಅದು ನಾಶವಾಗುವುದಿಲ್ಲ. ಮನುಷ್ಯರಿಗೆ ತಗುಲಿದ್ದು ಇದುವರೆಗೆ ಸಾಬೀತಾಗಿಲ್ಲ, ಆದರೂ ವರದಿ ಬರುವವರೆಗೆ ತಿನ್ನಬೇಡಿ ಅನ್ನುತ್ತಾರೆ. ರಾತ್ರಿ ಕೂತು ನಾನೂ ಓದಿದೆ. ಮಿದುಳು, ಬೆನ್ನುಹುರಿಯ ತಂಟೆಗೆ ಹೋಗಬಾರದು. ಗರಗಸದಿಂದ ಎಲುಬು ಸೀಳಬಾರದು, ಮಾಂಸ ಬಿಡಿಸಿ ತೆಗೆಯಬೇಕು. ಓದು ಬರಹ ಬಾರದ ಅಪ್ಪ ಹೇಳಿದ್ದೂ ಅದನ್ನೇ ಅಲ್ವಾ! ಅವನ ಕಾರಣ ಬೇರೆ. ಎಲುಬು ಚೂರಾದರೆ ತಿನ್ನುವವರ ಬಾಯಿಗೆ ಚುಚ್ಚುತ್ತದೆ, ಪಾಲು ಸರಿಯಾಗಿ ಬೀಳುವುದಿಲ್ಲ.

ಇದೇ ತಮ್ಮನ ಕೈಗೆ ಚಾಕು ಸಿಗಬಾರದು ಅಂತ ಅವ್ವ ಅವನನ್ನು ಧಾರವಾಡದ ಹಾಸ್ಟೆಲ್‌ಗೆ ಕಳಿಸಿದ್ದು. ಅವಳದು ತಪ್ಪಲ್ಲ. ಊರು ಅವಳಿಗೆ ಹಾಗೆ ಕಲಿಸಿತ್ತು. ನಮ್ಮ ಮಾವ ಒಬ್ಬ ಇದ್ದಾನೆ. ಜಾತ್ರೆಯಲ್ಲಿ ಅಪ್ಪ ಹಾಕಿದ ಪಾಲಿಗೆ ಮೊದಲು ಬುಟ್ಟಿ ಹಿಡಿಯುವವನು, ಊಟಕ್ಕೆ ಅಪ್ಪನ ಪಕ್ಕ ಕೂರದವನು. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ತಮ್ಮ ಎಂಜಿನಿಯರ್ ಆದಾಗ "ಕಸಬು ಬಿಟ್ಟು ಉದ್ಧಾರ ಆದ" ಅಂದಿದ್ದ. ಅಪ್ಪನದೂ ವಿದ್ಯೆಯೇ. ಕತ್ತಲಲ್ಲಿ ಬೆರಳಾಡಿಸಿ ಗಂಟು ಹೇಳಬಲ್ಲ. ಸುಡು ಬಿಸಿಲಲ್ಲಿ ಖಂಡ ಕೆಡದ ಹಾಗೆ ಉಪ್ಪು, ಅರಿಶಿನ ಹಚ್ಚಿ ಹಗ್ಗಕ್ಕೆ ಹಾಕಬಲ್ಲ. ಒಬ್ಬರೂ ಅವನನ್ನು "ಕಲಿಸು" ಅಂತ ಕೇಳಿರಲಿಲ್ಲ. ಕೇಳಿದವನು ಮಗ, ಅದೂ ಅಷ್ಟು ದೂರ ಹೋದ ಮೇಲೆ.

ನಿನ್ನೆ ವರದಿ ಬಂತು, ರೋಗ ಇಲ್ಲ. ತಮ್ಮ ಕೀಮಾ ಮಾಡಿದ್ದಾನೆ. ಕೊಬ್ಬು ಮೇಣದ ಹಾಗೆ ಬಾಯಿಗೆ ಅಂಟುತ್ತದೆ, ಪೂರ್ತಿ ತೆಗೆದೆ ಅಂದ. "ಪರೆ ತೆಗೆದ್ಯಾ?" ಅಂತ ಅಪ್ಪನ ಮರುಪ್ರಶ್ನೆ. ಖಂಡದ ಮೇಲಿನ ತೆಳು ಪೊರೆ ಅದು. ತೆಗೆದಿರಲಿಲ್ಲ. ಮುಂದಿನ ತಿಂಗಳು ನಮ್ಮಲ್ಲಿ ದೇವರ ಕಾರ್ಯ ಇದೆ, ಕುರಿ ಬೀಳುತ್ತದೆ. ಚರ್ಮ ಬಿಡಿಸುವುದರಿಂದ ಪಾಲು ಹಾಕುವವರೆಗೆ ಅಪ್ಪನ ಕೈ ಮಾತ್ರ ಕಾಣುವ ಹಾಗೆ ವಿಡಿಯೋ ತೆಗೆದು ಕಳಿಸು ಅಂದಿದ್ದಾನೆ ತಮ್ಮ. ಅಪ್ಪನ ಮುಖವನ್ನೂ ತೆಗೆಯುತ್ತೇನೆ ಅಂದಿದ್ದೇನೆ.