ಎಣ್ಣೆ ರೈಲಿನ ದಾರಿ, ಸೈಕಲ್ ಮೇಲೆ: ಕಾಬ್ರಾವರೆಗೆ ಬಂತು

ಸ್ಪೇನ್‌ನ ದಕ್ಷಿಣಕ್ಕೆ ಆಂದಲೂಸಿಯಾ. ಅಲ್ಲಿ ಹಾಎನ್ ಊರಿನಿಂದ ಪುಯೆಂತೆ ಹೆನೀಲ್‌ವರೆಗೆ ಒಂದು ಹಳೆಯ ರೈಲು ದಾರಿ ಇದೆ. ಉದ್ದ ಸುಮಾರು 128 ಕಿಲೋಮೀಟರ್. ಹಳಿ ಕಿತ್ತು, ಜಲ್ಲಿ ತೆಗೆದು, ಸೈಕಲ್ ಹೊಡೆಯುವವರಿಗೂ ನಡೆಯುವವರಿಗೂ ಬಿಟ್ಟಿದ್ದಾರೆ. ಹೆಸರು ವಿಯಾ ವೆರ್ದೆ ದೆಲ್ ಅಸೆಯ್ತೆ, ಅಂದರೆ ಎಣ್ಣೆಯ ಹಸಿರು ದಾರಿ. ಇಲ್ಲಿನ ಆಲಿವ್ ಎಣ್ಣೆ ಸಾಗಿಸುತ್ತಿದ್ದ ರೈಲಿನಿಂದ ಬಂದ ಹೆಸರು.

ಒಳ್ಳೆ ಸೈಕಲ್ ಇದ್ದವರು ಇದನ್ನು ಎರಡೇ ದಿನದಲ್ಲಿ ಮುಗಿಸಿಬಿಡುತ್ತಾರೆ. ನನಗೆ ಆ ಅವಸರ ಇಲ್ಲ. ತುಂಡು ತುಂಡಾಗಿ ಹೋಗುವುದು, ಪ್ರತಿ ತುಂಡಿನಲ್ಲೂ ಒಂದು ಸಲವಾದರೂ ರೈಲು ದಾರಿ ಬಿಟ್ಟು ಪಕ್ಕದ ಹಳ್ಳಿ ರಸ್ತೆ ಹಿಡಿಯುವುದು. ಇದು ನಾನೇ ಹಾಕಿಕೊಂಡ ನಿಯಮ. ಕಾರಣ ಸರಳ. ರೈಲು ದಾರಿ ಮಾಡಿದ್ದೇ ಊರುಗಳನ್ನು ತಪ್ಪಿಸಿ, ಗುಡ್ಡ ಸುತ್ತಿ, ಮಟ್ಟಸವಾಗಿ ಹೋಗೋದಕ್ಕೆ. ಅದರಲ್ಲೇ ಹೋದರೆ ಆಲಿವ್ ತೋಟ ಎರಡೂ ಕಡೆ ಓಡುತ್ತಾ ಇರುತ್ತದೆ, ನೀವು ಮಾತ್ರ ಕಿಟಕಿ ಪಕ್ಕ ಕೂತ ಪ್ರಯಾಣಿಕರೇ.

ಹಾಎನ್‌ನಿಂದ ಮಾರ್ತೋಸ್

ದಾರಿ ಶುರುವಾಗುವುದು ಹಾಎನ್ ಊರಂಚಿನ ಲಾಸ್ ಫುಯೆಂತೆಸುಯೆಲಾಸ್ ಕ್ರೀಡಾಂಗಣದ ಹತ್ತಿರ. ಊರು ದಾಟುವವರೆಗೆ ವಾಕಿಂಗ್ ಬಂದವರು, ಮಕ್ಕಳ ಗಾಡಿ, ನಾಯಿ. ಬೆಲ್ ಇದ್ದರೆ ಒಳ್ಳೆಯದು. ಆಮೇಲೆ ಇದ್ದಕ್ಕಿದ್ದಂತೆ ಆಲಿವ್ ಬಿಟ್ಟು ಬೇರೇನೂ ಇಲ್ಲ.

ಬೇರೇನೂ ಇಲ್ಲ ಅಂದರೆ ನಿಜವಾಗಿಯೂ ಇಲ್ಲ. ಈ ಹಾಎನ್ ಪ್ರಾಂತ್ಯ ಒಂದರಲ್ಲೇ 6 ಕೋಟಿಗೂ ಜಾಸ್ತಿ ಆಲಿವ್ ಮರ ಇವೆ. ಜನ ಆರೂಕಾಲು ಲಕ್ಷದ ಆಸುಪಾಸು. ತಲೆಗೆ ನೂರರ ಹತ್ತಿರ ಮರ ಬಂತು ಅಲ್ವಾ? ಜಗತ್ತಿನಲ್ಲಿ ಇಷ್ಟು ಆಲಿವ್ ಎಣ್ಣೆ ತೆಗೆಯುವ ಪ್ರಾಂತ್ಯ ಇನ್ನೊಂದಿಲ್ಲ. ಇಲ್ಲಿ ಬಹುಪಾಲು ಪಿಕುವಾಲ್ ಅನ್ನುವ ತಳಿ. ಕಾಯಿಯ ತುದಿ ಚೂಪು. ಹಳೆಯ ತೋಟಗಳಲ್ಲಿ ಒಂದೊಂದು ಗುಣಿಯಿಂದ ಎರಡು ಮೂರು ಕಾಂಡ ಎದ್ದು ಹೊರಗೆ ಬಾಗಿರುತ್ತವೆ. ಮರದಿಂದ ಮರಕ್ಕೆ ಹತ್ತು ಹನ್ನೆರಡು ಮೀಟರ್ ಅಂತರ. ಮಧ್ಯೆ ಬರಿ ನೆಲ. ಮಳೆಯನ್ನೇ ನಂಬಿದ ಜಮೀನಿನಲ್ಲಿ ಒಂದೊಂದು ಮರಕ್ಕೆ ಅಷ್ಟು ನೆಲದ ನೀರು ಬೇಕೇ ಬೇಕು.

ತೋರ್ರೆದೆಲ್‌ಕಾಂಪೋ, ತೋರ್ರೆದೊನ್‌ಹಿಮೆನೋ ದಾಟಿದ ಮೇಲೆ ಮಾರ್ತೋಸ್ ಬಂಡೆ ಕಾಣುತ್ತದೆ. ಸುಮಾರು 1000 ಮೀಟರ್ ಎತ್ತರದ ಒಂಟಿ ಬೆಟ್ಟ, ನೆತ್ತಿಯ ಮೇಲೆ ಪಾಳು ಕೋಟೆ. ಇಲ್ಲಿ ನನ್ನ ನಿಯಮದ ಪ್ರಕಾರ ದಾರಿ ಬಿಟ್ಟೆ. ಮಾರ್ತೋಸ್‌ನಿಂದ ಫುಯೆನ್‌ಸಾಂತಾ ಕಡೆ ಹೋಗುವ ರಸ್ತೆ ಏರಿದಷ್ಟೂ ತೋಟ ಕೆಳಗೆ ಹರಡಿಕೊಳ್ಳುತ್ತದೆ. ಟ್ರಾಫಿಕ್ ಕಡಿಮೆ. ಹಿಂದೆ ಬಂದ ಕಾರು ಹಾರ್ನ್ ಹೊಡೆಯದೆ, ಜಾಗ ಸಿಗುವವರೆಗೆ ಸುಮ್ನೆ ಹಿಂದೆಯೇ ಬರುತ್ತದೆ. ಸೈಕಲ್ ಹಿಂದೆ ಹಾಕುವಾಗ ಕನಿಷ್ಠ 1.5 ಮೀಟರ್ ಬಿಡಬೇಕು ಅನ್ನುವುದು ಇಲ್ಲಿನ ಕಾನೂನು. ಹಳ್ಳಿ ಕಡೆ ಅದನ್ನು ಪಾಲಿಸುತ್ತಾರೆ ಕೂಡ. ಬೆಂಗಳೂರಿನ ರಿಂಗ್ ರೋಡಿನಲ್ಲಿ ಸೈಕಲ್ ಕಲಿತ ನನಗೆ ಇದು ಇನ್ನೂ ಅಭ್ಯಾಸವಾಗಿಲ್ಲ. ಕಾರು ಹಿಂದೆ ನಿಂತರೆ ಈಗಲೂ ಅಂಚಿಗೆ ಸರಿಯುತ್ತೇನೆ.

ಕೊಯ್ಲಿನ ಹೊತ್ತಿಗೆ ಹೋಗಿ

ಇದೇ ತುಂಡಿಗೆ ಡಿಸೆಂಬರಿನಲ್ಲಿ ಮತ್ತೆ ಹೋದೆ. ನನ್ನ ಕೇಳಿದರೆ ಈ ದಾರಿಗೆ ಅದೇ ಸರಿಯಾದ ಕಾಲ. ಎಲ್ಲರೂ ವಸಂತದಲ್ಲಿ ಹೂವು ನೋಡೋಕೆ ಬನ್ನಿ ಅನ್ನುತ್ತಾರೆ. ಆಲಿವ್ ಹೂವು ಬಿಡುವುದು ಮೇ ತಿಂಗಳಲ್ಲಿ. ಪುಟ್ಟ ಬಿಳಿ ಹೂವು, ನೋಡೋಕೆ ಅಂಥದ್ದೇನಿಲ್ಲ. ಅಲರ್ಜಿ ಇದ್ದವರಿಗಂತೂ ಅದು ಕಣ್ಣೀರಿನ ತಿಂಗಳು.

ಚಳಿಗಾಲದಲ್ಲಿ ತೋಟಕ್ಕೆ ಜೀವ ಬರುತ್ತದೆ. ಬೆಳಿಗ್ಗೆಯಿಂದಲೇ ಯಂತ್ರದ ಸದ್ದು. ಟ್ರಾಕ್ಟರಿನ ಮುಂದಿನ ಇಕ್ಕಳ ಕಾಂಡ ಹಿಡಿದು ಕೆಲವು ಸೆಕೆಂಡು ನಡುಗಿಸುತ್ತದೆ. ಕಾಯಿ ಕೆಳಗೆ ಹಾಸಿದ ಬಲೆಯ ಮೇಲೆ ಮಳೆ ಸುರಿದ ಹಾಗೆ ಬೀಳುತ್ತದೆ. ಉಳಿದದ್ದಕ್ಕೆ ಉದ್ದನೆಯ ಕೋಲು. ಬಲೆಯನ್ನು ನಾಲ್ಕು ಮೂಲೆ ಹಿಡಿದು ಎಳೆದು ಮುಂದಿನ ಮರಕ್ಕೆ ಒಯ್ಯುತ್ತಾರೆ.

ದಾರಿ ಪಕ್ಕದ ತೋಟದಲ್ಲಿ ಒಬ್ಬ ಹಿರಿಯರು ಎರಡು ರಾಶಿ ಬೇರೆ ಬೇರೆ ಮಾಡುತ್ತಿದ್ದರು. ಯಾಕೆ ಅಂತ ಕೇಳಿದೆ. ಒಂದು ಮರದಿಂದ ಬಂದಿದ್ದು, ಇನ್ನೊಂದು ಮೊದಲೇ ನೆಲಕ್ಕೆ ಬಿದ್ದಿದ್ದು. ನೆಲದ ಕಾಯಿ ಹುಳಿ ಬಂದಿರುತ್ತದೆ. ಅದರ ಎಣ್ಣೆ ನೇರ ಊಟಕ್ಕೆ ಬರುವುದಿಲ್ಲ, ರಿಫೈನ್ ಮಾಡಬೇಕು. ಎರಡೂ ಬೆರೆತರೆ ಒಳ್ಳೆಯದೂ ಕೆಟ್ಟಿತು. ಗಾಣದಲ್ಲಿ ಎರಡಕ್ಕೂ ಬೇರೆ ಬೇರೆ ತೂಕ, ಬೇರೆ ಬೇರೆ ರೇಟು. ಅವರು ನನ್ನ ಕೈಗೊಂದು ಕಾಯಿ ಕೊಟ್ಟು ಕಚ್ಚು ಅಂದರು. ಕಚ್ಚಿದೆ. ನಾಲಿಗೆ ಪೂರ್ತಿ ಒಗರು, ಕಹಿ. ಎಲ್ಲರೂ ನಕ್ಕರು. ಹೊಸಬರಿಗೆಲ್ಲ ಮಾಡುವ ತಮಾಷೆ ಇರಬೇಕು. ತಿನ್ನುವ ಆಲಿವ್ ಕಾಯಿಯ ಕಹಿಯನ್ನು ಉಪ್ಪುನೀರು, ಕ್ಷಾರದಲ್ಲಿ ತೆಗೆದಿರುತ್ತಾರೆ. ಮರದಿಂದ ಕಿತ್ತು ಬಾಯಿಗೆ ಹಾಕುವ ಹಣ್ಣಲ್ಲ ಇದು.

ಆಗ ತಿಂಡಿಗೆ ಅಂತ ಅವರು ಕೊಟ್ಟಿದ್ದು ಹೋಯೋ. ದಪ್ಪ ಬ್ರೆಡ್ಡಿನ ತಿರುಳು ತೆಗೆದು ಗುಂಡಿ ಮಾಡಿ, ತುಂಬ ಎಣ್ಣೆ ಹಾಕಿ, ಟೊಮೆಟೊ ಹಿಂಡಿ, ತೆಗೆದ ತಿರುಳನ್ನೇ ಮುಚ್ಚಳ ಮಾಡಿ ಒತ್ತಿರುತ್ತಾರೆ. ಮುದ್ದೆಗೆ ಗುಂಡಿ ತೋಡಿ ತುಪ್ಪ ಹಾಕಿಕೊಂಡು ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊಸ ಎಣ್ಣೆ ಹಸಿರಾಗಿತ್ತು. ಟೊಮೆಟೊ ಗಿಡದ ಎಲೆ ಉಜ್ಜಿದ ವಾಸನೆ. ನುಂಗಿದ ಮೇಲೆ ಗಂಟಲಿಗೆ ಖಾರ ಹತ್ತಿ ಕೆಮ್ಮು ಬಂತು. ಕೆಮ್ಮು ಬಂದರೆ ಎಣ್ಣೆ ಚೆನ್ನಾಗಿದೆ ಅಂತಲೇ ಇಲ್ಲಿಯವರ ಲೆಕ್ಕ.

ಬರಗಾಲದ ಮಾತೂ ಬಂತು. ಬರದೆ ಇರುತ್ತದೆಯೇ. 2021–22ರಲ್ಲಿ ಸ್ಪೇನ್ ತೆಗೆದದ್ದು ಸುಮಾರು 15 ಲಕ್ಷ ಟನ್ ಎಣ್ಣೆ. ಮರುವರ್ಷ ಮಳೆ ಇಲ್ಲದೆ 7 ಲಕ್ಷ ಟನ್ ಕೂಡ ಮುಟ್ಟಲಿಲ್ಲ. 2024ರ ಶುರುವಿಗೆ ಗಾಣದಲ್ಲೇ ಕಿಲೋಗೆ 8 ಯೂರೋ ದಾಟಿತ್ತು. ರೇಟು ಏರಿದಾಗ ಮಾರೋಕೆ ಎಣ್ಣೆ ಇಲ್ಲ, ಎಣ್ಣೆ ಬಂದಾಗ ರೇಟು ಇಲ್ಲ. ಕೋಲಾರದ ಟೊಮೆಟೊ ಬೆಳೆಗಾರರಿಗೂ ಗೊತ್ತಿರುವ ಸಂಕಟ.

ಮಾರ್ತೋಸ್‌ನಿಂದ ಲೂಕೆ

ಈ ತುಂಡು ಸೈಕಲ್‌ಗೆ ಹಬ್ಬ. ವೀಬೊರಾಸ್ ನದಿಯ ಸೇತುವೆ, ಸಾನ್ ಹುವಾನ್ ನದಿಯ ಸೇತುವೆ, ಆಮೇಲೆ ಗ್ವಾದಾಹೋಸ್. ಎಲ್ಲ ಕಬ್ಬಿಣದ ಕೆಲಸ. ದಾರಿ ಪೂರ್ತಿ ತೆರೆದದ್ದು 1890ರ ದಶಕದ ಮೊದಲ ವರ್ಷಗಳಲ್ಲಿ. ಪ್ಯಾರಿಸ್‌ನ ಐಫೆಲ್ ಟವರ್ ಎದ್ದಿದ್ದು 1889ರಲ್ಲಿ. ಅದೇ ಕಾಲದ ರೀತಿ: ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ ರಿವಿಟ್ ಹೊಡೆದ ಜಾಲರಿ. ಐಫೆಲ್ಲೇ ಕಟ್ಟಿದ ಅಂತ ಹೇಳುವವರು ಸಿಗುತ್ತಾರೆ, ನಂಬಬೇಡಿ. ಗ್ವಾದಾಹೋಸ್ ಸೇತುವೆ 200 ಮೀಟರಿಗಿಂತ ಸ್ವಲ್ಪ ಜಾಸ್ತಿ ಉದ್ದ. ಈ ಕಡೆ ಹಾಎನ್, ಆ ಕಡೆ ಕೋರ್ದೊಬಾ ಪ್ರಾಂತ್ಯ. ಹತ್ತಿರದಿಂದ ನೋಡಿದರೆ ರಿವಿಟ್ ತಲೆಗಳ ಸುತ್ತ ಪದರ ಪದರ ಬಣ್ಣ. ಒಂದರ ಮೇಲೊಂದು ಬಳಿದು ಅಂಚೇ ಕಾಣದ ಹಾಗೆ ದುಂಡಗಾಗಿವೆ.

ಇಲ್ಲಿ ಓಡುತ್ತಿದ್ದುದನ್ನು ಜನ ಎಣ್ಣೆ ರೈಲು ಅಂತಲೇ ಕರೆಯುತ್ತಿದ್ದರು. ಲಾರಿ ಬಂತು, ರೈಲು ಸೊರಗಿತು, 1980ರ ದಶಕದ ಮಧ್ಯದಲ್ಲಿ ನಿಂತೇ ಹೋಯಿತು. 1993ರಿಂದ ಸ್ಪೇನ್ ಇಂಥ ದಾರಿಗಳನ್ನು ಸೈಕಲ್ ದಾರಿ ಮಾಡುತ್ತಾ ಬಂದಿದೆ. ಈಗ ದೇಶದಲ್ಲಿ ಮೂರು ಸಾವಿರ ಕಿಲೋಮೀಟರಿಗೂ ಮೇಲೆ ಇದೆ.

ಗ್ವಾದಾಹೋಸ್ ಆದ ಮೇಲೆ ಏರು. ಉಗಿಬಂಡಿ ಹತ್ತಬೇಕಿದ್ದ ಏರು ತಾನೆ, ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಮುಗಿಯುವುದೂ ಇಲ್ಲ. ಎರಡು ಗೇರ್ ಇಳಿಸಿ, ಉಸಿರು ಎಣಿಸಿಕೊಂಡು ಕೂತುಬಿಡಬೇಕು. ಲೂಕೆಗೆ ಮೊದಲು ಕೊಂದೆ ಕೆರೆ ಸಿಗುತ್ತದೆ, ಉಪ್ಪುನೀರಿನದು. ಮಳೆಗಾಲ ಚೆನ್ನಾಗಿದ್ದರೆ ರಾಜಹಂಸ ಬರುತ್ತವೆ. ನಾನು ಹೋದಾಗ ಬಿಳಿ ಉಪ್ಪಿನ ಹೊಪ್ಪಳ ಮಾತ್ರ.

ನೆಗ್ಗಿಲು

ಒಂದು ಎಚ್ಚರಿಕೆ. ಈ ದಾರಿಯ ಅಂಚಿನಲ್ಲಿ ನೆಗ್ಗಿಲು ಮುಳ್ಳು ಇದೆ. ಹೌದು, ಅದೇ ನಮ್ಮ ನೆಗ್ಗಿಲು. ನೆಲಕ್ಕೆ ಹರಡುವ ಬಳ್ಳಿ, ಪುಟ್ಟ ಹಳದಿ ಹೂವು, ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆ ನೋಡುವ ಕಾಯಿ. ಮೆಡಿಟರೇನಿಯನ್ ಕಡೆಯಿಂದ ನಮ್ಮ ಬಯಲುಸೀಮೆವರೆಗೂ ಇದರ ರಾಜ್ಯ. ಬೇಸಿಗೆ ಕೊನೆಗೆ ಕಾಯಿ ಒಣಗಿದಾಗ ಅಂಚಿನಲ್ಲಿ ಸೈಕಲ್ ಒರಗಿಸಿದರೆ ಪಂಕ್ಚರ್ ಗ್ಯಾರಂಟಿ. ಟ್ಯೂಬ್ ತೆಗೆದು ಟ್ಯೂಬ್‌ಲೆಸ್ ಹಾಕಿಸಿ, ಒಳಗೆ ತೂತು ಮುಚ್ಚುವ ಸೀಲೆಂಟ್ ದ್ರವ ಸುರಿದ ಮೇಲೆ ನನ್ನ ಕಾಟ ತಪ್ಪಿತು. ಟಯರು 38 ಮಿಲಿಮೀಟರಿನದು, ಇಷ್ಟು ಅಗಲ ಸಾಕು. ಮಳೆ ಬಿದ್ದ ಮರುದಿನ ಮಾತ್ರ ಯಾವ ಟಯರೂ ಸಾಲದು. ಜೇಡಿಮಣ್ಣು ಬ್ರೇಕಿನ ಹತ್ತಿರ ಮೆತ್ತಿಕೊಂಡು ಚಕ್ರವನ್ನೇ ತಿರುಗೋಕೆ ಬಿಡುವುದಿಲ್ಲ. ಅವತ್ತು ಟಾರು ರಸ್ತೆ ಹಿಡಿಯಿರಿ.

ಸುಎರೋಸ್, ಮತ್ತೆ ಕಾಬ್ರಾ

ಸುಎರೋಸ್ ಬಂಡೆಗೆ ಅಂಟಿದ ಬಿಳಿ ಊರು. ರೈಲು ದಾರಿ ಕೆಳಗೇ ಹೋಗಿಬಿಡುತ್ತದೆ. ಊರಿಗೆ ಹತ್ತಬೇಕು, ಊರಿನ ಮೇಲಿಂದ ಬಾವಲಿ ಗುಹೆಗೆ ಇನ್ನೂ ಸುಮಾರು ನಾಲ್ಕು ಕಿಲೋಮೀಟರ್ ಹತ್ತಬೇಕು. ಹೊಸ ಶಿಲಾಯುಗದ ಜನ ಇದ್ದ ಗುಹೆ ಅದು. ಈ ನಾಲ್ಕು ಕಿಲೋಮೀಟರ್ ನನ್ನ ಮಂಡಿಗೆ ಚೆನ್ನಾಗಿ ನೆನಪಿದೆ. ಮೇಲಿನ ತಿರುವಿನಲ್ಲಿ ನಿಂತರೆ ಅಷ್ಟು ದಿನ ಹೊಡೆದ ದಾರಿ ತೋಟದ ಮಧ್ಯೆ ಒಂದು ಗೆರೆಯಾಗಿ ಕಾಣುತ್ತದೆ. ಯಾವ ಗುಡ್ಡಕ್ಕೆ ಯಾಕೆ ಸುತ್ತು ಹಾಕಿದ್ದು ಅಂತ ಆಗ ಅರ್ಥವಾಯಿತು. ಇಳಿದು ಬಂದು ಇಲ್ಲಿನ ಮೇಕೆ ಚೀಸ್ ತಿಂದೆ. ಸುಎರೋಸ್ ಅದಕ್ಕೆ ಹೆಸರುವಾಸಿ.

ದೋನ್ಯಾ ಮೆನ್ಸೀಯಾ ಸ್ಟೇಷನ್ನಿನಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತದೆ, ನಮ್ಮೂರಿಂದ ಬರುವವರಿಗೆ ಇದು ಅನುಕೂಲ. ಅಲ್ಲಿಂದ ಕಾಬ್ರಾವರೆಗೆ ಹೆಚ್ಚು ಹೇಳುವುದಿಲ್ಲ. ಒಂದು ಸುರಂಗ, ಒಳ್ಳೆ ನೆರಳು, ಸುಖವಾದ ಇಳಿಜಾರು. ಕಾಬ್ರಾ ಸ್ಟೇಷನ್ನಿನಲ್ಲಿ ಹಳೆಯ ಇಂಜಿನ್ ನಿಲ್ಲಿಸಿದ್ದಾರೆ. ಇಲ್ಲಿಂದ ಆಚೆ ಓಹಿಬ್ಲಾಂಕಾ ತಳಿ ಜಾಸ್ತಿ. ಗಾಳಿ ಬೀಸಿದಾಗ ಎಲೆಯ ಬಿಳಿ ಕೆಳಮೈ ತಿರುಗಿ ತೋಟದ ಬಣ್ಣವೇ ಬದಲಾಗುತ್ತದೆ.

ಮುಂದೆ

ಲುಸೇನಾ, ಅಲ್ಲಿಂದ ಪುಯೆಂತೆ ಹೆನೀಲ್ ಬಾಕಿ. ಅದಕ್ಕೂ ಮೊದಲು ಕಾಬ್ರಾದ ಮೇಲಿನ ಸಿಯೆರ್ರಾ ಮಾತೆಯ ಗುಡಿಗೆ ಹತ್ತಬೇಕು, 1200 ಮೀಟರ್ ಎತ್ತರದಲ್ಲಿದೆ. ಜುಲೈ, ಆಗಸ್ಟಿನಲ್ಲಿ ಇಲ್ಲಿ 40 ಡಿಗ್ರಿ ಮಾಮೂಲು, ಹಾಗಾಗಿ ಅಕ್ಟೋಬರ್ ತನಕ ಸೈಕಲ್ ಗೋಡೆಗೆ. ಅಷ್ಟರೊಳಗೆ ಹಿಂದಿನ ಕ್ಯಾಸೆಟ್, ಅಂದರೆ ಹಿಂಚಕ್ರದ ಗೇರ್ ಹಲ್ಲುಚಕ್ರಗಳ ಗೊಂಚಲು, ಬದಲಿಸಿ ಹೆಚ್ಚು ಹಲ್ಲಿನದು ಹಾಕಿಸುತ್ತೇನೆ. ಈಗಿರುವುದರಲ್ಲಿ ಆ ಗುಡಿ ಹತ್ತೋದು ಆಗದ ಮಾತು.