ಕೋಡಿ ಬಿತ್ತು, ಕೋಡಿ ಬಿದ್ದಿದೆ

ಬಿ.ಕಾಂ. ಮುಗಿಸಿದ ಮೇಲೆ ದಾವಣಗೆರೆಯಲ್ಲಿ ಲೆಕ್ಕ ಬರೆಯುವ ಕೆಲಸವೊಂದರ ಇಂಟರ್‌ವ್ಯೂಗೆ ಹೋಗಿದ್ದೆ. ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2009’ ಅಂದೆ. ಎದುರು ಕೂತವರು ನಕ್ಕು, ‘ಅಲ್ಲಿ ಹ್ಯಾವ್ ಯಾಕೆ ಬಂತಪ್ಪಾ?’ ಅಂದರು. ಕೆಲಸ ಸಿಗಲಿಲ್ಲ. ಆ ಹ್ಯಾವ್ ಒಂದರಿಂದಲೇ ತಪ್ಪಿತು ಅನ್ನಲಾರೆ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರೂ ಆಗ ನನಗೆ ಬರುತ್ತಿರಲಿಲ್ಲ.

ಮೊನ್ನೆ ಇಲ್ಲಿ ಚಿತ್ರದುರ್ಗದ ಮನೆಯಲ್ಲಿ ಮಗಳ ನೋಟ್‌ಬುಕ್ ನೋಡಿದರೆ ಅದೇ ತಪ್ಪು: ‘ಐ ಹ್ಯಾವ್ ಸೀನ್ ದಿ ಫೋರ್ಟ್ ಯೆಸ್ಟರ್‌ಡೇ.’ ನನ್ನ ಇಂಟರ್‌ವ್ಯೂ ಕಥೆ ಹೇಳಿದೆ.

‘ನಿನ್ನೇನೇ ನೋಡಿದೀನಿ ಅಂತ ನಾವು ಹೇಳಲ್ವಾ ಅಪ್ಪಾಜಿ?’

ಹೇಳ್ತೀವಿ. ಎಡವೋದೂ ಅಲ್ಲೇ. ನಮ್ಮ ‘ನೋಡಿದೀನಿ’ ಪಕ್ಕ ‘ನಿನ್ನೆ’ ಬಂದು ಕೂತರೆ ತಕರಾರಿಲ್ಲ. ಇಂಗ್ಲಿಷಿನ ಹ್ಯಾವ್‌ಗೆ ಮಾತ್ರ ಮುಗಿದುಹೋದ ದಿನದ ಹೆಸರು ಆಗಿಬರುವುದಿಲ್ಲ. ನಿನ್ನೆ, ಹೋದ ವಾರ, 2009 ಅಂತ ಬಾಯಿಗೆ ಬಂತೋ, ಬರೀ ‘ಸಾ’, ಬರೀ ‘ಕಂಪ್ಲೀಟೆಡ್’.

ಅವಳಿಗೆ ಮಾರಿಕಣಿವೆ ಡ್ಯಾಮಿನ ಉದಾಹರಣೆ ಕೊಟ್ಟೆ. ನಮ್ಮದು ಹಿರಿಯೂರು ಕಡೆ, ಬೇರೆ ಉದಾಹರಣೆ ಹೊಳೆಯುವುದೂ ಇಲ್ಲ. 1907ರಲ್ಲಿ ಕಟ್ಟಿ ಮುಗಿಸಿದ ಡ್ಯಾಮ್ ಕೋಡಿ ಬಿದ್ದಿದ್ದು 1933ರಲ್ಲಿ. ‘ಇಟ್ ಓವರ್‌ಫ್ಲೋಡ್ ಇನ್ 1933.’ ನಾನು ಹುಡುಗನಾಗಿದ್ದಾಗ ಕೇಳಿದ್ದರೆ ‘ಇಟ್ ಹ್ಯಾಸ್ ಓವರ್‌ಫ್ಲೋಡ್ ಓನ್ಲಿ ಒನ್ಸ್’ ಅಂತಲೂ ಹೇಳಬಹುದಿತ್ತು. ಕಟ್ಟಿದಾಗಿನಿಂದ ಇವತ್ತಿನವರೆಗೆ ಒಂದೇ ಸಲ, ಲೆಕ್ಕ ಇನ್ನೂ ಮುಗಿದಿಲ್ಲ ಅಂತ ಅರ್ಥ. 2022ರಲ್ಲಿ, 89 ವರ್ಷದ ಮೇಲೆ, ಮತ್ತೆ ಕೋಡಿ ಬಿತ್ತು. ಆ ‘ಓನ್ಲಿ ಒನ್ಸ್’ ಅವತ್ತೇ ಸುಳ್ಳಾಯಿತು. 1933ರ ವಾಕ್ಯಕ್ಕೆ ಏನೂ ಆಗಲಿಲ್ಲ.

ಬೀನ್, ಗಾನ್ ಗೊಂದಲ ಅವಳಿಗೆ ಬೇಗ ಬಗೆಹರಿಯಿತು. ಅಮ್ಮ ದಾವಣಗೆರೆಗೆ ಹೋಗಿದಾಳೆ, ಇನ್ನೂ ಅಲ್ಲೇ ಇದಾಳೆ: ‘ಹ್ಯಾಸ್ ಗಾನ್’. ಹೋಗಿ ಬಂದಿದಾಳೆ: ‘ಹ್ಯಾಸ್ ಬೀನ್’.

‘ಇಲ್ಲ’ ಅನ್ನುವಾಗಂತೂ ಕನ್ನಡವೇ ದಾರಿ ತೋರಿಸುತ್ತದೆ. ಬಸ್ ಬಂದಿಲ್ಲ ಅಂದರೆ ‘ಹ್ಯಾಸ್ ನಾಟ್ ಕಮ್’, ಸ್ಟ್ಯಾಂಡಿನಲ್ಲೇ ಕಾಯಬೇಕು. ಬಸ್ ಬರಲಿಲ್ಲ ಅಂದರೆ ‘ಡಿಡ್ ನಾಟ್ ಕಮ್’, ಆಟೋ ಹಿಡಿದಾಯಿತು.

ಅವಳು ಪೆನ್ ಕಚ್ಚುತ್ತಾ ಕೇಳಿದಳು: ‘ಹಾಗಾದ್ರೆ ಅಪ್ಪಾಜಿ, ನಿಂಗೆ ಆ ಕೆಲಸ ಸಿಕ್ಕಿಲ್ಲವೋ, ಸಿಗಲಿಲ್ಲವೋ?’

‘ಸಿಗಲಿಲ್ಲ ಕಣೇ. ಡಿಡ್ ನಾಟ್ ಗೆಟ್.’