ಚೂಪು ಕೋನ, ಮೊಂಡು ಕೋನ

“ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತಾರೆ?”

ಶನಿವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ.

ಶಾಂಘೈನಲ್ಲಿ ನಾನು ದಿನಾ ಇಳಿಯುವ ಮೆಟ್ರೋ ನಿಲ್ದಾಣ ಶ್ಯೂಜಿಯಾಹ್ವೇ. ಹಾಗಂದರೆ ಶ್ಯೂ ಮನೆತನದವರ ಕೂಡಲ. ಹಿಂದೆ ಅಲ್ಲಿ ಕಾಲುವೆಗಳು ಸೇರುತ್ತಿದ್ದವು. ಶನಿವಾರ ಸುಮ್ನೆ ನಡೆಯುತ್ತಾ ಹತ್ತಿರದ ಗ್ವಾಂಗ್‌ಚಿ ಪಾರ್ಕಿಗೆ ಹೋದೆ. ಕಲ್ಲಿನ ಕುದುರೆ, ಕುರಿಗಳನ್ನು ದಾಟಿದರೆ ಹುಲ್ಲು ಬೆಳೆದ ದಿಬ್ಬ. ಅದೇ, ನಾನೂರು ವರ್ಷದ ಹಿಂದೆ ರೇಖಾಗಣಿತವನ್ನು ಚೀನೀ ಭಾಷೆಗೆ ತಂದ ವಿದ್ವಾಂಸ ಶ್ಯೂ ಗ್ವಾಂಗ್‌ಚಿಯವರ ಸಮಾಧಿ.

ಅದರೆದುರು ಒಬ್ಬ ಅಜ್ಜ ಮೊಮ್ಮಗಳಿಗೆ ಪಾಠ ಹೇಳಿಕೊಡುತ್ತಿದ್ದರು. ಎರಡು ಬೆರಳು ಹತ್ತಿರ ತಂದು “ರುಯ್‌ಜ್ಯಾವ್” ಅಂದರು. ಅಗಲಿಸಿ “ದುನ್‌ಜ್ಯಾವ್” ಅಂದರು. ಚೂಪು ಕೋನ, ಮೊಂಡು ಕೋನ. ಚಾಕುವಿಗೆ ಹೇಳುವ ಮಾತೇ! ದಿಬ್ಬ ತೋರಿಸಿ, “ಈ ಪದಗಳು ಇವರ ಪುಸ್ತಕದಿಂದ ಬಂದವು” ಎಂದರು. ಆಮೇಲೆ ಬೆರಳುಗಳನ್ನು ಮತ್ತೆ ಹತ್ತಿರ ತಂದು, ನನ್ನ ಕಡೆ ತಿರುಗಿಸಿ ಆ ಪ್ರಶ್ನೆ ಕೇಳಿದರು.

“ಆಂಗಲ್” ಅಂದೆ.

“ಅದು ಇಂಗ್ಲಿಷ್. ನಿಮ್ಮದು?”

ಬೆರಳುಗಳು ಹಾಗೇ ಕಾಯುತ್ತಿದ್ದವು. “ಲಘುಕೋನ” ಅಂದೆ. ಎಷ್ಟೋ ವರ್ಷದ ಮೇಲೆ ಆ ಪದ ನನ್ನ ಬಾಯಿಂದ ಬಂದಿತ್ತು. ಮಗು ಅದನ್ನು ಎರಡು ಸಲ ಹೇಳಿತು. ಅಜ್ಜನ ಮುಖ ಅರಳಿತು. ಒಳ್ಳೆಯ ಮೇಷ್ಟರ ಮುಖ ಹಾಗೇ ಇರುತ್ತೆ.

1607ರಲ್ಲಿ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ರೇಖಾಗಣಿತದ ಮೊದಲ ಆರು ಭಾಗಗಳು ಚೀನೀ ಭಾಷೆಗೆ ಬಂದವು. ಇಟಲಿಯ ಪಾದ್ರಿ ಮತ್ತೆಯೊ ರಿಚ್ಚಿ ಬಾಯಲ್ಲಿ ಹೇಳುತ್ತಾ ಹೋದರು, ಶ್ಯೂ ಬರೆಯುತ್ತಾ ಹೋದರು. ಬರೆದದ್ದನ್ನು ಮತ್ತೆ ಮತ್ತೆ ತಿದ್ದಿದರು. ನೂರು ವರ್ಷದ ಮೇಲೆ ಎಲ್ಲರೂ ಇದನ್ನು ಕಲಿಯುತ್ತಾರೆ, ಕಲಿತು ‘ಅಯ್ಯೋ ತಡವಾಯ್ತು’ ಅನ್ನುತ್ತಾರೆ ಅಂತ ಶ್ಯೂ ಬರೆದಿಟ್ಟರು. ಉಳಿದ ಭಾಗಗಳು ಬರಲು 1857 ಆಗಬೇಕಾಯಿತು. ಪೂರ್ತಿ 250 ವರ್ಷ!

ಅದೇ 1607ರಲ್ಲಿ ಶ್ಯೂ ಅವರ ತಂದೆ ತೀರಿಕೊಂಡರು. ಸೂತಕದ ವರ್ಷಗಳನ್ನು ಕಳೆಯಲು ಶ್ಯೂ ತಮ್ಮ ಊರು ಶಾಂಘೈಗೆ ಬಂದರು. ಮರುವರ್ಷ ಅಲ್ಲಿ ನೆರೆ, ಹಸಿವು. ದಕ್ಷಿಣದ ಫೂಜಿಯಾನ್ ಪ್ರಾಂತ್ಯದಿಂದ ಗೆಣಸಿನ ಬಳ್ಳಿ ತರಿಸಿ ತಾವೇ ನೆಟ್ಟು, ಬೆಳೆಯುವ ಬಗೆಯನ್ನೂ ಬರೆದರು. ರೇಖಾಗಣಿತವನ್ನೂ ಅವರು ಹೀಗೇ ತಂದದ್ದು ಅನಿಸುತ್ತೆ. ಹೊರಗಿನ ಬಳ್ಳಿ, ಮನೆಯ ಮಣ್ಣು.

ನಮ್ಮಲ್ಲೂ ಯಾರೋ ಕೂತು ಯೋಚಿಸಿ ಲಂಬಕೋನ, ಸಮಾಂತರ ರೇಖೆ ಅಂತ ಪಾಠಪುಸ್ತಕಕ್ಕೆ ತಂದಿದ್ದಾರೆ. ಆ ಪದಗಳಿಂದಲೇ ನನಗೆ ಗಣಿತ ಅರ್ಥವಾದದ್ದು. ಅಂಥವರ ಹೆಸರಲ್ಲಿ ಒಂದು ಪಾರ್ಕ್ ಇದ್ದರೆ ನಾನು ಖಂಡಿತ ಹೋಗಿ ನಿಲ್ಲುತ್ತೇನೆ. ಕನ್ನಡದಲ್ಲಿ ಗಣಿತ ಕಲಿಯೋದು ಬಡವರ ಪಾಡು ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ರಾತ್ರಿ ದಾವಣಗೆರೆಗೆ ವಿಡಿಯೋ ಕಾಲ್ ಮಾಡಿ ಅಕ್ಕನ ಮಗನಿಗೆ ಎರಡು ಬೆರಳು ಅಗಲಿಸಿ ತೋರಿಸಿದೆ.

“ವಿಶಾಲಕೋನ” ಅಂದ.

“ಚೀನಾದಲ್ಲಿ ಇದು ಮೊಂಡು ಕೋನ ಕಣೋ.”

ತನ್ನ ಬೆರಳುಗಳನ್ನೇ ನೋಡಿಕೊಂಡ. “ಮೊಂಡಾಗೇ ಇದೆ ಅಲ್ವಾ, ಮಾಮ!”